ಪಕ್ಷಿಲೋಕದ ಉಸ್ತಾದ್ ಡಾ. ಸಲೀಂ ಅಲಿ ಮತ್ತು ನಮ್ಮ ಕೆರೆಗಳು



ಏಪ್ರಿಲ್, ಮೇ ತಿಂಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಯಾವುದಾದರೊಂದು ಕೆರೆ ಏರಿಯ ಮೇಲೆ ನೀವು ನಡೆದು ಹೋಗಿರಬಹುದು. ಆಗ ನೀರು ಹಿಂದೆ ಸರಿದು ಕೆರೆಯ ಅಂಗಳದಲ್ಲಿ ಕೆಸರು ತೆರೆದುಕೊಂಡಿರುತ್ತದೆ. ಗೊರೂರು ಅಣೆಕಟ್ಟೆಯ ಹಿನ್ನೀರು ಇಳಿದು ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಪೂರ್ತಿ ಕಾಣುವುದೂ ಇದೇ ದಿನಗಳಲ್ಲಿ. ಆ ಕೆಸರಿನ ಅಂಚಿನಲ್ಲಿ ಬೆಳ್ಳಕ್ಕಿಗಳ ನಡುವೆ ಕಂದು ಬಣ್ಣದ ಪುಟ್ಟ ಪುಟ್ಟ ಹಕ್ಕಿಗಳು ಓಡಾಡುತ್ತಿರುತ್ತವೆ. ಬಾಲ ಕುಣಿಸುತ್ತಾ, ಕೊಕ್ಕನ್ನು ಕೆಸರಿಗೆ ಚುಚ್ಚುತ್ತಾ, ನಾವು ಹತ್ತಿರ ಹೋದೊಡನೆ ಕೀಚು ಧ್ವನಿಯಲ್ಲಿ ಕೂಗಿ ನೀರಿನ ಮೇಲೆ ತಗ್ಗಾಗಿ ಹಾರಿಹೋಗುತ್ತವೆ. ನಮ್ಮಲ್ಲಿ ಹೆಚ್ಚಿನವರು ಎಲ್ಲವನ್ನೂ ಸೇರಿಸಿ ಕೊಕ್ಕರೆ ಎಂದು ಕರೆದು ಮುಂದೆ ಹೋಗಿಬಿಡುತ್ತೇವೆ.

ಆ ಪುಟ್ಟ ಹಕ್ಕಿಗಳಲ್ಲಿ ಕೆಲವು ಸೈಬೀರಿಯಾದಿಂದ ಬಂದವು ಎಂದರೆ ನೀವು ನಂಬುತ್ತೀರಾ? ಕೇವಲ 25 ಗ್ರಾಂ ತೂಗುವ, ನಮ್ಮ ಮನೆಯ ಗುಬ್ಬಚ್ಚಿಯಷ್ಟೇ ಭಾರದ ಹಕ್ಕಿಯೊಂದು ಹಿಮಾಲಯದ ಆಚೆಯಿಂದ ಬಂದು ನಮ್ಮ ಕೆರೆಯ ಕೆಸರಿನಲ್ಲಿ ಚಳಿಗಾಲ ಕಳೆದು ಮತ್ತೆ ಉತ್ತರ ಧ್ರುವದ ಅಂಚಿಗೆ ಮರಳುತ್ತದೆ. ಇಂಥ ಹಕ್ಕಿಗಳನ್ನು ಗುರುತಿಸಲು, ಎಣಿಸಲು, ಅವುಗಳ ದಾರಿಯನ್ನು ಹುಡುಕಲು ಇಡೀ ದೇಶಕ್ಕೆ ಕಲಿಸಿದ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರೇ ಡಾ. ಸಲೀಂ ಅಲಿ. ಪಠ್ಯಪುಸ್ತಕದಲ್ಲಿ ಅವರ ಹೆಸರನ್ನು ನೀವು ಓದಿರುತ್ತೀರಿ. ಆದರೆ ಅವರ ಬದುಕಿನ ಅತ್ಯಂತ ಕಷ್ಟದ ವರ್ಷಕ್ಕೂ ನಮ್ಮ ಮೈಸೂರು ಸೀಮೆಗೂ ಇರುವ ನಂಟು ಬಹಳ ಜನಕ್ಕೆ ತಿಳಿದಿಲ್ಲ.

ಯತೀಮ್ ಬಾಲಕ ಮತ್ತು ಒಂದು ಗುಬ್ಬಿ

ಸಲೀಂ ಅಲಿಯವರ ಪೂರ್ಣ ಹೆಸರು ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ. ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ತಂದೆ ಮೊಯಿಜುದ್ದೀನ್, ತಾಯಿ ಜೀನತುನ್ನಿಸಾ. ಮಕ್ಕಳಲ್ಲಿ ಇವರೇ ಕೊನೆಯವರು. ಒಂದು ವರ್ಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು. ಮೂರು ವರ್ಷವಾದಾಗ ತಾಯಿಯೂ ಹೋದರು. ಅನಾಥರಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತಯಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಖೇತವಾಡಿಯ ತಮ್ಮ ಮನೆಗೆ ಕರೆತಂದು ಸಾಕಿದರು. ಆ ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ. 1874ರಲ್ಲಿ ಮುಂಬಯಿಯ ಅಂಜುಮನ್-ಎ-ಇಸ್ಲಾಂ ವಿದ್ಯಾಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ, 1887ರಲ್ಲಿ ಕಾಂಗ್ರೆಸ್ ಅಧ್ಯಕ್ಷರೂ ಆಗಿದ್ದ ಬದ್ರುದ್ದೀನ್ ತಯಬ್ಜಿಯವರ ಮನೆತನವೇ ಇದು. ಯತೀಮ್ ಮಗುವಿನ ತಲೆ ಸವರಿದ ಒಂದು ಕೈ ಮುಂದೆ ದೇಶಕ್ಕೆ ಎಂಥ ಉಪಕಾರ ಮಾಡಿತೆಂಬುದನ್ನು ನೀವೇ ನೋಡುವಿರಿ.

ಹುಡುಗನಿಗೆ ಹತ್ತು ವರ್ಷದ ಸುಮಾರಿಗೆ ಆಟದ ಏರ್‌ಗನ್ ಒಂದು ಸಿಕ್ಕಿತು. ಅದರಿಂದ ಗುಬ್ಬಿ ಹೊಡೆಯುವುದು ಅಂದಿನ ಮಕ್ಕಳ ಆಟ. ಒಂದು ದಿನ ಹೊಡೆದ ಗುಬ್ಬಿಯ ಕೊರಳಿನಲ್ಲಿ ಸಾರಿನ ಕಲೆಯಂತೆ ಒಂದು ಹಳದಿ ಮಚ್ಚೆ ಕಂಡಿತು. ಇದು ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಅನುಮಾನ ಬಂದು ಹುಡುಗ ಅದನ್ನು ಮಾಮೂ ಬಳಿಗೆ ಒಯ್ದ. ಮಾಮೂ ಬೈದು ಕಳಿಸಬಹುದಿತ್ತು, ಎಸೆದುಬಿಡು ಎನ್ನಬಹುದಿತ್ತು. ಹಾಗೆ ಮಾಡದೆ ಅವರು ತಾವು ಸದಸ್ಯರಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬುವರಿಗೆ ಒಂದು ಪರಿಚಯ ಪತ್ರ ಬರೆದುಕೊಟ್ಟರು.

ಹೆದರುತ್ತಲೇ ಒಳಗೆ ಹೋದ ಹುಡುಗನನ್ನು ಆ ಇಂಗ್ಲಿಷ್ ಅಧಿಕಾರಿ ಆದರದಿಂದ ಮಾತನಾಡಿಸಿದರು. ಅದು ಹಳದಿ ಕೊರಳಿನ ಗುಬ್ಬಿ ಎಂದು ಗುರುತಿಸಿದರು. ಬೀರುಗಳನ್ನು ತೆರೆದು, ಒಳಗೆ ಹುಲ್ಲು ತುಂಬಿಸಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಒಂದು ಮಗುವಿನ ಪ್ರಶ್ನೆಯನ್ನು ಇಬ್ಬರು ಹಿರಿಯರು ಗೌರವದಿಂದ ಕಂಡರು. ಅಲ್ಲಿಂದ ಒಂದು ಜೀವನದ ದಾರಿಯೇ ತಿರುಗಿತು. ಶಿಕ್ಷಕರೂ ಪಾಲಕರೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಪದವಿಯಿಲ್ಲದ ವಿದ್ವಾಂಸ

ಸಲೀಂ ಅಲಿ ತರಗತಿಯಲ್ಲಿ ಮೊದಲ ಸಾಲಿನ ವಿದ್ಯಾರ್ಥಿಯಲ್ಲ. ತೀವ್ರ ತಲೆನೋವಿನಿಂದ ಓದು ಪದೇ ಪದೇ ನಿಂತುಹೋಗುತ್ತಿತ್ತು. 1913ರಲ್ಲಿ ಮೆಟ್ರಿಕ್ಯುಲೇಷನ್ ಹೇಗೋ ಪಾಸಾಯಿತು. ಕಾಲೇಜಿನ ಗಣಿತ ಅವರನ್ನು ಓಡಿಸಿಬಿಟ್ಟಿತು. ಕುಟುಂಬದವರ ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವೋಯ್‌ಗೆ ಹೋದರು. ವ್ಯಾಪಾರ ಕೈ ಹಿಡಿಯಲಿಲ್ಲ, ಆದರೆ ಅಲ್ಲಿನ ಕಾಡು ಅವರ ಕಣ್ಣು ತೆರೆಸಿತು. 1917ರಲ್ಲಿ ಮುಂಬಯಿಗೆ ಮರಳಿ ದಾವರ್ ವಾಣಿಜ್ಯ ಕಾಲೇಜಿನಲ್ಲಿ ಲೆಕ್ಕಪತ್ರ ಕಲಿಯತೊಡಗಿದರು. ಅದರ ಜೊತೆಯಲ್ಲೇ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಪ್ರೋತ್ಸಾಹದಿಂದ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹಮೀನಾ ಬೇಗಂ ಅವರೊಂದಿಗೆ ವಿವಾಹವಾಯಿತು.

ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಪಕ್ಷಿತಜ್ಞರ ಹುದ್ದೆಯೊಂದು ಖಾಲಿ ಇತ್ತು. ಸಲೀಂ ಅಲಿಯವರಿಗೆ ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಅದು ಸಿಗಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ ಸಂಬಳ. ಆದರೆ ಅಷ್ಟರಲ್ಲಿ ಅವರಿಗೆ ತಮ್ಮ ಕೊರತೆ ಏನೆಂಬುದು ತಿಳಿದಿತ್ತು. ಹಕ್ಕಿಗಳ ಮೇಲೆ ಪ್ರೀತಿ ಇದ್ದರೆ ಸಾಲದು, ವಿಜ್ಞಾನದ ಶಿಸ್ತು ಬೇಕು. ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ ವಸ್ತುಸಂಗ್ರಹಾಲಯದಲ್ಲಿ ಅಂದಿನ ಮಹಾನ್ ಪಕ್ಷಿತಜ್ಞ ಎರ್ವಿನ್ ಸ್ಟ್ರೆಸೆಮನ್ ಅವರ ಶಿಷ್ಯರಾದರು. ಜೀವನಪೂರ್ತಿ ಅವರನ್ನೇ ತಮ್ಮ ಗುರುವೆಂದು ಭಾವಿಸಿದರು. ಹೆಲಿಗೊಲ್ಯಾಂಡ್ ಎಂಬ ದ್ವೀಪದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ವಿದ್ಯೆಯನ್ನೂ ಅಲ್ಲಿದ್ದಾಗಲೇ ನೋಡಿ ಕಲಿತರು.

1930ರಲ್ಲಿ ಊರಿಗೆ ಬಂದು ನೋಡಿದರೆ ಹಣವಿಲ್ಲವೆಂದು ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ವಯಸ್ಸು 34, ಕೈಯಲ್ಲಿ ಪದವಿಯೂ ಇಲ್ಲ, ನೌಕರಿಯೂ ಇಲ್ಲ.

ಗೀಜಗ ಕಲಿಸಿದ ಪಾಠ

ಪಟ್ಟಣದಲ್ಲಿ ಬದುಕುವುದು ದುಬಾರಿಯಾದ್ದರಿಂದ ದಂಪತಿ ಮುಂಬಯಿಯಿಂದ ಸಮುದ್ರದಾಚೆಗಿನ ಕಿಹೀಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗನ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಉರ್ದುವಿನಲ್ಲಿ ಇದೇ ಬಯಾ. ಮಳೆಗಾಲ ಪೂರ್ತಿ ಸಲೀಂ ಅಲಿ ದಿನವೂ ಗಂಟೆಗಟ್ಟಲೆ ಕುಳಿತು ಅವನ್ನು ನೋಡಿದರು, ಕಂಡದ್ದನ್ನು ಕಂಡಹಾಗೆ ಬರೆದುಕೊಂಡರು.

ಗೀಜಗನ ಗೂಡು ಗಂಡು ಹೆಣ್ಣು ಸೇರಿ ಕಟ್ಟಿದ ಸಂಸಾರದ ಮನೆ ಎಂದು ನಾವು ಭಾವಿಸುತ್ತೇವೆ. ಅವರು ಕಂಡದ್ದು ಬೇರೆ. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಮಾತ್ರ ಗಂಡು ಆ ಗೂಡನ್ನು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವು ಕೂತಾಗ ಗಂಡು ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣಿಗೆ ಕಾಯುತ್ತದೆ. ಸಾವಿರಾರು ವರ್ಷಗಳಿಂದ ಎಲ್ಲರ ಕಣ್ಣೆದುರಿಗೇ ಇದ್ದ ಹಕ್ಕಿ ಇದು. ಆದರೂ ಈ ವಿಷಯವನ್ನು ಕ್ರಮವಾಗಿ ನೋಡಿ ಬರೆದಿಟ್ಟವರು ಇರಲಿಲ್ಲ. ಆ ಲೇಖನ ಪ್ರಕಟವಾದ ಮೇಲೆ ಸಲೀಂ ಅಲಿಯವರ ಹೆಸರು ಪಕ್ಷಿತಜ್ಞರ ವಲಯದಲ್ಲಿ ಪರಿಚಿತವಾಯಿತು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಅವರಿಗೆ ಪ್ರಯೋಗಶಾಲೆ ಇರಲಿಲ್ಲ, ಅನುದಾನವೂ ಇರಲಿಲ್ಲ. ಇದ್ದದ್ದು ಒಂದು ಮರ, ಒಂದು ನೋಟ್ ಪುಸ್ತಕ ಮತ್ತು ಸಬರ್. ತಾಳ್ಮೆಗೆ ನಾವು ಹೇಳುವ ಈ ಪದದ ಅರ್ಥವನ್ನು ಅವರು ಬದುಕಿ ತೋರಿಸಿದರು.

ಆಮೇಲೆ ಅವರಿಗೆ ಹೊಸ ದಾರಿಯೊಂದು ಹೊಳೆಯಿತು. ಅಂದು ದೇಶದಲ್ಲಿ ನೂರಾರು ರಾಜ ಸಂಸ್ಥಾನಗಳಿದ್ದವು. ಅನೇಕ ಸಂಸ್ಥಾನಗಳಲ್ಲಿ ಯಾವ ಹಕ್ಕಿಗಳಿವೆ ಎಂಬುದರ ಕ್ರಮಬದ್ಧ ಪಟ್ಟಿಯೇ ಇರಲಿಲ್ಲ. ಓಡಾಟದ ಮತ್ತು ಡೇರೆಯ ಖರ್ಚು ಕೊಟ್ಟರೆ ಸಾಕು, ತಾವು ಸಂಬಳವಿಲ್ಲದೆ ಪಕ್ಷಿ ಸಮೀಕ್ಷೆ ಮಾಡಿಕೊಡುವುದಾಗಿ ತಿಳಿಸಿದರು. 1931ರಲ್ಲಿ ಹೈದರಾಬಾದ್ ಸಂಸ್ಥಾನ, 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ, ಹೀಗೆ ಒಂದರ ಹಿಂದೆ ಒಂದು ಸಮೀಕ್ಷೆ ನಡೆಯಿತು. ಎತ್ತಿನ ಗಾಡಿ, ಡೇರೆ, ಕಾಡುದಾರಿಯ ಆ ಜೀವನದಲ್ಲಿ ತೆಹಮೀನಾ ಬೇಗಂ ಅವರ ಜೊತೆಗಾರ್ತಿಯಾಗಿದ್ದರು. ಇಂಗ್ಲೆಂಡಿನಲ್ಲಿ ಓದಿದ ಆ ಮಹಿಳೆ ಪಟ್ಟಣದ ಸೌಕರ್ಯ ಬಿಟ್ಟು ಡೇರೆಯ ಸಂಸಾರವನ್ನು ಸಂತೋಷದಿಂದ ನಡೆಸಿದರು.

ದುಃಖದ ವರ್ಷದಲ್ಲಿ ಮೈಸೂರಿಗೆ

1939ರಲ್ಲಿ ತೆಹಮೀನಾ ಬೇಗಂ ಅವರಿಗೆ ಸಣ್ಣದೊಂದು ಶಸ್ತ್ರಚಿಕಿತ್ಸೆಯಾಯಿತು. ಅದರ ಬೆನ್ನಲ್ಲೇ ಅವರು ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದ ಸಂಗಾತಿ ಹೋದ ಮೇಲೆ ಸಲೀಂ ಅಲಿಯವರ ಮನೆಯೇ ಇಲ್ಲದಂತಾಯಿತು. ಅಕ್ಕ ಮತ್ತು ಭಾವ ಅವರನ್ನು ಬಾಂದ್ರಾದ ತಮ್ಮ ಮನೆಗೆ ಕರೆದುಕೊಂಡರು. ಬಾಲ್ಯದಲ್ಲಿ ಸೋದರಮಾವ, ಈಗ ಅಕ್ಕ. ಎರಡು ಬಾರಿ ಮುರಿದ ಬದುಕನ್ನು ಎರಡು ಬಾರಿಯೂ ಬಂಧುಗಳೇ ಎತ್ತಿ ನಿಲ್ಲಿಸಿದರು.

ಆ ವರ್ಷವೇ ಅವರು ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಹೊರಟರು. ಈ ಬಾರಿ ಡೇರೆಯಲ್ಲಿ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಆದರೂ 1939-40ರಲ್ಲಿ ಅವರು ಸಂಸ್ಥಾನವನ್ನು ಸುತ್ತಿ ಸಮೀಕ್ಷೆ ಮುಗಿಸಿದರು. ಅದರ ಫಲವಾಗಿ ಮೈಸೂರಿನ ಪಕ್ಷಿಗಳ ಮೇಲಿನ ಅವರ ದೀರ್ಘ ಲೇಖನಮಾಲೆ 1942-43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ನಮ್ಮ ಹಾಸನ ಜಿಲ್ಲೆ ಅಂದು ಮೈಸೂರು ಸಂಸ್ಥಾನದ ಭಾಗ. ಹಾಗಾಗಿ ನಮ್ಮ ಸೀಮೆಯ ಹಕ್ಕಿಗಳ ಬಗ್ಗೆ ಬರೆಯಲು ಕೂರುವ ಯಾರೇ ಆಗಲಿ, ಆ ಲೇಖನಮಾಲೆಯನ್ನು ದಾಟಿ ಹೋಗುವಂತಿಲ್ಲ.

ಆ ದಿನಗಳಲ್ಲಿ ಅವರ ಕಣ್ಣಿಗೆ ಬಿದ್ದದ್ದು ಶ್ರೀರಂಗಪಟ್ಟಣದ ಬಳಿಯ ಕಾವೇರಿ ನಡುಗಡ್ಡೆಗಳು. ಮೈಸೂರಿನ ಅರಸು ಕಂಠೀರವ ನರಸರಾಜ ಒಡೆಯರು 1645-48ರ ಅವಧಿಯಲ್ಲಿ ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಆ ನಡುಗಡ್ಡೆಗಳು ಉಂಟಾಗಿದ್ದವು. ಸುತ್ತಲೂ ನೀರಿದ್ದುದರಿಂದ ಕೊಕ್ಕರೆ, ಕೆಂಬರಲು, ಬೆಳ್ಳಕ್ಕಿಗಳು ಅಲ್ಲಿನ ಮರಗಳಲ್ಲಿ ನಿರ್ಭಯವಾಗಿ ಗೂಡು ಕಟ್ಟುತ್ತಿದ್ದವು. ಇದನ್ನು ರಕ್ಷಿಸಬೇಕೆಂದು ಸಲೀಂ ಅಲಿ ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸರ್ ತಾಣವಾಗಿ ಅಂತರರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು.

ಇಲ್ಲಿ ಭೂಪಟವನ್ನು ಒಮ್ಮೆ ತೆರೆದು ನೋಡಿ. ಗೊರೂರಿನ ಅಣೆಕಟ್ಟೆಯಿಂದ ಇಳಿದು ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಮುಂದೆ ಹಾದುಹೋಗುವ ಕಾವೇರಿ, ಇವೆರಡೂ ಮುಂದೆ ಕೃಷ್ಣರಾಜಸಾಗರದಲ್ಲಿ ಸೇರುತ್ತವೆ. ಅಲ್ಲಿಂದ ಬಿಟ್ಟ ನೀರೇ ರಂಗನತಿಟ್ಟಿನ ನಡುಗಡ್ಡೆಗಳನ್ನು ಸುತ್ತುವುದು. ನಾವು ಹೊಳೆಗೆ ಏನು ಬಿಡುತ್ತೇವೋ ಅದು ಅಲ್ಲಿನ ಮರಿಗಳ ಬಾಯಿಗೆ ಹೋಗುತ್ತದೆ. ಗೂಡು ಕಟ್ಟುವ ಹಕ್ಕಿಗೆ ಮರವೊಂದೇ ಸಾಲದು, ಮೀನು, ಕಪ್ಪೆ, ಬಸವನಹುಳು ಸಿಗುವ ಕೆರೆ ಗದ್ದೆಗಳೂ ಬೇಕು.

ಕಾಲುಂಗುರ ಹೇಳಿದ ಕಥೆ

1941ರಲ್ಲಿ ಸಲೀಂ ಅಲಿಯವರ ಭಾರತದ ಪಕ್ಷಿಗಳ ಕುರಿತ ಪುಸ್ತಕ ಹೊರಬಂತು. ಬಣ್ಣದ ಚಿತ್ರಗಳ ಜೊತೆ ಸರಳ ವಿವರಣೆ ಇದ್ದ ಆ ಪುಸ್ತಕದಿಂದ ಸಾಮಾನ್ಯ ಓದುಗನೂ ಮೊದಲ ಬಾರಿಗೆ ತನ್ನ ಅಂಗಳದ ಹಕ್ಕಿಯನ್ನು ಹೆಸರಿಟ್ಟು ಕರೆಯಲು ಕಲಿತ. ಜೈಲಿನಲ್ಲಿದ್ದ ನೆಹರೂ ಅದರ ಒಂದು ಪ್ರತಿಯನ್ನು ಮಗಳು ಇಂದಿರಾಗೆ ಕಳಿಸಿದ್ದರು. ಸ್ವಾತಂತ್ರ್ಯದ ನಂತರ ಸೊಸೈಟಿಯು ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ ಸಲೀಂ ಅಲಿ ನೆಹರೂ ಅವರಿಗೇ ಪತ್ರ ಬರೆದು ನೆರವು ಪಡೆದು ಅದನ್ನು ಉಳಿಸಿಕೊಂಡರು.

ಮತ್ತೆ ಅವರ ಕೆಲಸ ನಮ್ಮ ಕನ್ನಡನಾಡಿಗೆ ತಾಕಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಹರಡಿತು. ಅದೇ ಮಂಗನ ಕಾಯಿಲೆ. ಉಣ್ಣೆಯಿಂದ ಹರಡುವ ಆ ರೋಗದ ವೈರಸ್ ರಷ್ಯಾದಲ್ಲಿ ಕಂಡ ವೈರಸ್‌ಗಳನ್ನು ಹೋಲುತ್ತಿತ್ತು. ವಿಜ್ಞಾನಿಗಳಿಗೆ ಪ್ರಶ್ನೆ ಎದ್ದಿತು: ಸೈಬೀರಿಯಾದಿಂದ ಬರುವ ಹಕ್ಕಿಗಳು ಮೈಮೇಲೆ ಉಣ್ಣೆಗಳನ್ನು ಹೊತ್ತು ತಂದಿರಬಹುದೇ? ಇದನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಸೊಸೈಟಿಯ ವಲಸೆ ಹಕ್ಕಿಗಳ ಅಧ್ಯಯನ ಆರಂಭವಾಯಿತು.

ಬಲೆಯಲ್ಲಿ ಹಕ್ಕಿಯನ್ನು ಹಿಡಿಯುವುದು, ತೂಕ ಅಳತೆ ತೆಗೆಯುವುದು, ಉಣ್ಣೆ ಹುಡುಕುವುದು, ಕಾಲಿಗೆ ಸಂಖ್ಯೆ ಮತ್ತು ವಿಳಾಸವಿರುವ ಹಗುರ ಲೋಹದ ಉಂಗುರ ತೊಡಿಸಿ ಹಾರಿಬಿಡುವುದು, ಇದು ಆ ಕೆಲಸದ ಕ್ರಮ. ಕಚ್ಛ್, ಭರತಪುರ, ತಮಿಳುನಾಡಿನ ಕೋಡಿಯಕ್ಕರೈ ಮುಂತಾದ ಕಡೆ ಸಾವಿರಾರು ಹಕ್ಕಿಗಳಿಗೆ ಉಂಗುರ ತೊಡಿಸಿದರು. ದೂರದ ದೇಶದಲ್ಲಿ ಆ ಹಕ್ಕಿ ಸಿಕ್ಕಿ ಯಾರಾದರೂ ಸಂಖ್ಯೆಯನ್ನು ಬರೆದು ಕಳಿಸಿದರೆ ಅದರ ದಾರಿ ತಿಳಿಯುತ್ತಿತ್ತು. ಹಕ್ಕಿಗಳೇ ರೋಗ ತಂದವು ಎಂಬುದು ರುಜುವಾತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಜ್ಞಾನದ ದೊಡ್ಡ ಭಂಡಾರವೇ ಕೂಡಿಬಂತು.

ಇಂದು ಉಂಗುರದ ಜೊತೆಗೆ ಉಪಗ್ರಹಕ್ಕೆ ಸುಳಿವು ಕೊಡುವ ಪುಟ್ಟ ಉಪಕರಣವನ್ನೂ ಹಕ್ಕಿಯ ಬೆನ್ನಿಗೆ ಕಟ್ಟುತ್ತಾರೆ. 2022ರಲ್ಲಿ ಗಾಡ್‌ವಿಟ್ ಎಂಬ ದಡದ ಹಕ್ಕಿಯ ಒಂದು ಮರಿ ಅಲಾಸ್ಕದಿಂದ ಆಸ್ಟ್ರೇಲಿಯದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ ಎಲ್ಲೂ ಇಳಿಯದೆ ಹಾರಿದ್ದು ಹೀಗೆಯೇ ತಿಳಿಯಿತು. ಅನ್ನ ನೀರು ನಿದ್ದೆಗೆ ಇಳಿಯದ ಆ ಪಯಣಕ್ಕೆ ಇಂಧನ ಯಾವುದು? ಹೊರಡುವ ಮುನ್ನ ಕೆಸರಿನಲ್ಲಿ ತಿಂದು ಮೈಯಲ್ಲಿ ಕೂಡಿಟ್ಟ ಕೊಬ್ಬು. ಈಗ ಹೇಳಿ, ನಮ್ಮ ಕೆರೆಯಂಗಳದ ಕೆಸರು ಕೊಳಕೋ, ಯಾತ್ರಿಕನ ಬುತ್ತಿಯೋ?

ಭರತಪುರದ ಎರಡು ಪಾಠಗಳು

ರಾಜಸ್ಥಾನದ ಭರತಪುರದ ಜೌಗು ಭೂಮಿ ಒಂದು ಕಾಲಕ್ಕೆ ರಾಜರ ಬೇಟೆಯ ತಾಣ. 1938ರ ನವೆಂಬರ್ 12ರಂದು, ವೈಸರಾಯ್ ಲಿನ್‌ಲಿತ್‌ಗೊ ಬಂದಿದ್ದ ಒಂದೇ ದಿನದ ಬೇಟೆಯಲ್ಲಿ ಅಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿದ್ದರು. ಅದು ಸಲೀಂ ಅಲಿಯವರ ಹುಟ್ಟುಹಬ್ಬದ ದಿನವೂ ಹೌದು ಎಂಬುದು ವಿಧಿಯ ವಿಚಿತ್ರ. ಅದೇ ಜಾಗವನ್ನು ಹಕ್ಕಿಗಳಿಗೇ ಉಳಿಸಿಕೊಡಲು ಅವರು ದಶಕಗಳ ಕಾಲ ಶ್ರಮಿಸಿದರು. ಕೊನೆಗೆ ಅದು ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವೂ ಆಯಿತು. ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನು ಮುಳುಗಡೆಯಿಂದ ಉಳಿಸಿದ ಚಳವಳಿಗೂ ಅವರ ಬೆಂಬಲವಿತ್ತು.

ಆದರೆ ದೊಡ್ಡವರ ಜೀವನವನ್ನು ಬರೆಯುವಾಗ ಸಿಹಿಯನ್ನು ಮಾತ್ರ ಬರೆದರೆ ಓದುಗರಿಗೆ ನ್ಯಾಯವಾಗುವುದಿಲ್ಲ. ಭರತಪುರದೊಳಗೆ ಎಮ್ಮೆ ಮೇಯಿಸುವುದನ್ನು ನಿಲ್ಲಿಸಬೇಕೆಂಬುದು ಸಲೀಂ ಅಲಿಯವರ ಅಭಿಪ್ರಾಯವೂ ಆಗಿತ್ತು. 1982ರಲ್ಲಿ ನಿಷೇಧ ಬಂದಾಗ ಸುತ್ತಲಿನ ಹಳ್ಳಿಗರು ವಿರೋಧಿಸಿದರು, ಪೊಲೀಸ್ ಗೋಲಿಬಾರಿನಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಮುಂದೆ ಅವರದೇ ಸೊಸೈಟಿಯ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿ ನೋಡಿದರೆ, ಎಮ್ಮೆಗಳು ಹೋದ ಮೇಲೆ ಜೊಂಡುಹುಲ್ಲು ಎಗ್ಗಿಲ್ಲದೆ ಬೆಳೆದು ನೀರನ್ನೇ ಮುಚ್ಚಿ ಹಕ್ಕಿಗಳಿಗೆ ತೊಂದರೆಯಾಗಿತ್ತು. ಆ ಸತ್ಯವನ್ನು ಸೊಸೈಟಿ ಮುಚ್ಚಿಡದೆ ಪ್ರಕಟಿಸಿತು. ಗುರು ಹೇಳಿದ್ದರೂ ಸರಿ, ಕಂಡದ್ದನ್ನು ಕಂಡಹಾಗೆ ಬರೆಯಬೇಕೆಂಬುದು ಗುರುವೇ ಕಲಿಸಿದ ಪಾಠವಲ್ಲವೇ?

ನಮ್ಮ ಕೆರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಎಮ್ಮೆ ಮೇಯುವ, ದನಕ್ಕೆ ನೀರು ಕುಡಿಸುವ ಕೆರೆಯ ಅಂಚು ಹಕ್ಕಿಗೂ ಅನುಕೂಲ. ಹಳ್ಳಿಯವರನ್ನು ಹೊರಗಿಟ್ಟು ಹಕ್ಕಿ ಉಳಿಸಲು ಆಗದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಕಾಣುತ್ತಾರೆ. ನಮ್ಮ ರಾಮನಾಥಪುರದಲ್ಲಿ ದೇವಾಲಯದ ಬಳಿಯ ಹೊಳೆಯ ಮೀನನ್ನು ಯಾರೂ ಹಿಡಿಯುವುದಿಲ್ಲ. ಕಾನೂನು ಬರುವ ಮೊದಲೇ ಜನರ ಮನಸ್ಸು ಕಾವಲು ನಿಂತ ಉದಾಹರಣೆಗಳಿವು.

ಗೌರವದ ದಿನಗಳು

ಪದವಿ ಇಲ್ಲವೆಂದು ನೌಕರಿ ಸಿಗದ ಸಲೀಂ ಅಲಿಯವರಿಗೆ 1958ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ದೆಹಲಿ ಮತ್ತು ಆಂಧ್ರ ವಿಶ್ವವಿದ್ಯಾಲಯಗಳು ಆಮೇಲೆ ಅದೇ ದಾರಿ ಹಿಡಿದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂತು. ಅಂತರರಾಷ್ಟ್ರೀಯ ಗೆಟ್ಟಿ ಪ್ರಶಸ್ತಿಯ ಹಣವನ್ನು ಅವರು ನಿಸರ್ಗ ರಕ್ಷಣೆಯ ನಿಧಿಗೆ ಕೊಟ್ಟುಬಿಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಸನ್ಮಾನಗಳ ನಡುವೆ ಕೆಲಸ ಮಾತ್ರ ನಿಲ್ಲಲಿಲ್ಲ. 1950ರಲ್ಲಿ ಸ್ವೀಡನ್ನಿನ ಸಮ್ಮೇಳನಕ್ಕೆ ಹೋಗುವಾಗ 53ರ ವಯಸ್ಸಿನ ಅವರು ತಮ್ಮ ಸನ್‌ಬೀಮ್ ಮೋಟಾರ್ ಸೈಕಲ್ಲನ್ನೂ ಹಡಗಿನಲ್ಲಿ ಕೊಂಡೊಯ್ದು ಯುರೋಪಿನ ರಸ್ತೆಗಳಲ್ಲಿ ಓಡಿಸಿದರು. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ಬರೆದ ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಮಹಾಗ್ರಂಥದ ಹತ್ತು ಸಂಪುಟಗಳು 1968ರಿಂದ 1974ರವರೆಗೆ ಹೊರಬಂದವು. ಆಗ ಅವರಿಗೆ ಎಪ್ಪತ್ತು ದಾಟಿತ್ತು. 1985ರಲ್ಲಿ ಆತ್ಮಕಥೆ ಪ್ರಕಟವಾಯಿತು. ಬಾಲ್ಯದ ಆ ಗುಬ್ಬಿಯ ನೆನಪು ಅದರ ಹೆಸರಿನಲ್ಲೇ ಇದೆ. 1987ರ ಜೂನ್ 20ರಂದು, 90ನೆಯ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು. ಅವರ ನೆನಪಿಗೆ 1990ರಲ್ಲಿ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿ ಅಧ್ಯಯನ ಕೇಂದ್ರ ಆರಂಭವಾಯಿತು.

ನಮ್ಮ ಕೆರೆ, ನಮ್ಮ ನೋಟ್ ಪುಸ್ತಕ

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಒಂದು ಪ್ರಶ್ನೆ ಏಳಬಹುದು: ಇದರಲ್ಲಿ ನಮ್ಮ ಕೆಲಸವೇನು? ಕೆಲಸವಿದೆ. ಏಷ್ಯಾದ ಅನೇಕ ದೇಶಗಳಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಎಣಿಕೆ ನಡೆಯುತ್ತಿದೆ. ಅದು ಚಳಿಗಾಲದ ಲೆಕ್ಕ. ಬೇಸಿಗೆಯ ಕಥೆ ಬೇರೆ. ಏಪ್ರಿಲ್‌ನಲ್ಲಿ ಗದ್ದೆಗೊರವಗಳು ಹೊರಡುವ ಆತುರದಲ್ಲಿರುತ್ತವೆ. ಆಗ ಕೆಲವು ಜಾತಿಗಳ ಗರಿಯ ಬಣ್ಣವೇ ಬದಲಾಗಿರುತ್ತದೆ. ಇನ್ನೂ ಪ್ರಾಯಕ್ಕೆ ಬಾರದ ಕೆಲವು ಹಕ್ಕಿಗಳು ಹಿಂದಿರುಗದೆ ಇಲ್ಲೇ ಬೇಸಿಗೆ ಕಳೆಯುವುದೂ ಉಂಟು. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಮೊದಲ ತಂಡಗಳು ಮತ್ತೆ ಬಂದಿಳಿಯುತ್ತವೆ. ಯಾವ ದಿನ ಕೊನೆಯ ಹಕ್ಕಿ ಹೋಯಿತು, ಯಾವ ದಿನ ಮೊದಲನೆಯದು ಬಂತು? ಇದನ್ನು ನಮ್ಮ ಊರಿನ ಕೆರೆಯಲ್ಲಿ ಯಾರಾದರೂ ನೋಡಿ ಬರೆದರೆ ಮಾತ್ರ ತಿಳಿಯುತ್ತದೆ. ಶಾಲೆಗೆ ಬೇಸಿಗೆ ರಜೆ ಇರುವುದೂ ಅದೇ ಏಪ್ರಿಲ್, ಮೇ ತಿಂಗಳಲ್ಲಿ ಎಂಬುದು ಎಷ್ಟು ಚೆನ್ನಾದ ಹೊಂದಾಣಿಕೆ!

ನೋಡುವುದು ಕಷ್ಟವಲ್ಲ. ಮೊದಲು ಕಾಲು ಮತ್ತು ಕೊಕ್ಕು ನೋಡಿ. ಉದ್ದನೆಯ ಕೆಂಪು ಕಾಲಿನ ಕಪ್ಪು ಬಿಳುಪು ಹಕ್ಕಿ ಮೆಟ್ಟುಗಾಲು ಹಕ್ಕಿ, ಅದು ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತದೆ. ಗಿಡ್ಡ ಕೊಕ್ಕಿನ ಪುಟ್ಟ ಗೊರವ ಒಣಗಿದ ಅಂಚಿನಲ್ಲಿ ಓಡಿ ನಿಂತು ಓಡಿ ಹುಳು ಹೆಕ್ಕುತ್ತದೆ. ಉದ್ದ ಕೊಕ್ಕಿನ ಉಲ್ಲಂಕಿ ಕೆಸರಿನ ಆಳದಿಂದ ಹುಳು ಎಳೆಯುತ್ತದೆ. ಬಾಯಿಕಳಕ ಕೊಕ್ಕರೆಯ ಎರಡು ಕೊಕ್ಕುಗಳ ನಡುವಿನ ಸಂದು ಬಸವನಹುಳು ಹಿಡಿಯಲು ಹೇಳಿಮಾಡಿಸಿದಂತಿದೆ. ಟಿಟ್ಟಿಭ, ಅಂದರೆ ಉರ್ದುವಿನ ಟಟೀರಿ, ನಿಮ್ಮನ್ನು ಕಂಡೊಡನೆ ಇಡೀ ಕೆರೆಗೆ ಕೂಗಿ ಹೇಳುತ್ತದೆ. ಅದು ಬರಿ ನೆಲದ ಮೇಲೆಯೇ ಮೊಟ್ಟೆ ಇಡುವುದರಿಂದ ಬೇಸಿಗೆಯಲ್ಲಿ ಹೆಜ್ಜೆ ನೋಡಿ ಇಡಬೇಕು. ಒಂದೇ ಕೆರೆಯಲ್ಲಿ ಇಷ್ಟೊಂದು ಬಗೆಯ ಹಕ್ಕಿಗಳು ಜಗಳವಿಲ್ಲದೆ ಉಣ್ಣುವುದು ಒಬ್ಬೊಬ್ಬರ ತಟ್ಟೆ ಒಂದೊಂದು ಆಳದಲ್ಲಿ ಇರುವುದರಿಂದ.

ಅದಕ್ಕಾಗಿಯೇ ಕೆರೆಯ ಇಳಿಜಾರು ಅಂಚು ಮುಖ್ಯ. ಕೆರೆ ಅಭಿವೃದ್ಧಿ ಎಂದು ಸುತ್ತಲೂ ಕಡಿದಾಗಿ ಅಗೆದು, ಕಲ್ಲು ಕಟ್ಟಿ, ನಡೆಯುವ ದಾರಿ ಮಾಡಿದರೆ ನೀರು ತುಂಬ ನಿಲ್ಲಬಹುದು, ಆದರೆ ಕಾಲೂರಲು ಕೆಸರು ಉಳಿಯುವುದಿಲ್ಲ. ಊರಿನ ಕೊಳಚೆ ಬಿಟ್ಟರೆ ಅಂತರಗಂಗೆ ಬೆಳೆದು ಕೆರೆಯನ್ನೇ ಹೊದಿಸುತ್ತದೆ. ಒತ್ತುವರಿಯಾದರೆ ಕೇಳುವುದೇ ಬೇಡ. ಸಭೆಗಳಲ್ಲಿ ಈ ಮಾತನ್ನು ಎತ್ತಲು ಕೈಯಲ್ಲಿ ದಾಖಲೆ ಬೇಕು. ಹತ್ತು ವರ್ಷದ ಹಿಂದೆ ಇಲ್ಲಿ ಯಾವ ಹಕ್ಕಿ ಎಷ್ಟಿತ್ತು ಎಂದು ಬರೆದಿಟ್ಟವರು ಇಲ್ಲದಿದ್ದರೆ, ಕಳೆದುಕೊಂಡದ್ದು ಏನೆಂಬುದೇ ನಮಗೆ ತಿಳಿಯುವುದಿಲ್ಲ. ರಂಗನತಿಟ್ಟು ಉಳಿದದ್ದು ಒಬ್ಬರು ನೋಡಿ, ಅರಿತು, ಅದನ್ನು ಅಧಿಕಾರದಲ್ಲಿದ್ದವರಿಗೆ ಮನವರಿಕೆ ಮಾಡಿದ್ದರಿಂದ.

ಹೆಣ್ಣುಮಕ್ಕಳಿಗೂ ಒಂದು ಮಾತು. ಬಿಹಾರದ ಜಮಾಲ್ ಆರಾ ಎಂಬ ಮಹಿಳೆ ಮಕ್ಕಳಿಗಾಗಿ ಪಕ್ಷಿವೀಕ್ಷಣೆಯ ಪುಸ್ತಕ ಬರೆದರು. ಅದನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಪ್ರಕಟಿಸಿತು. ಈ ದಾರಿ ಗಂಡುಮಕ್ಕಳಿಗೆ ಮಾತ್ರ ಮೀಸಲಲ್ಲ.

ಆದ್ದರಿಂದ ಈ ರಜೆಯಲ್ಲಿ ಎರಡು ರೂಪಾಯಿಯ ಪೆನ್ನು, ಹಳೆಯ ನೋಟ್ ಪುಸ್ತಕದ ಉಳಿದ ಹಾಳೆಗಳು, ಇಷ್ಟನ್ನು ಹಿಡಿದು ಮನೆಯ ಹಿರಿಯರೊಬ್ಬರ ಜೊತೆ ಹತ್ತಿರದ ಕೆರೆಗೆ ಹೋಗಿ. ಫಜರ್ ನಮಾಜಿನ ನಂತರದ ಒಂದು ಗಂಟೆ ಹಕ್ಕಿ ನೋಡಲು ಬಹಳ ಒಳ್ಳೆಯ ಸಮಯ. ದಿನಾಂಕ, ಹೊತ್ತು, ಕೆರೆಯ ಹೆಸರು, ಹಕ್ಕಿಯ ಹೆಸರು, ಎಣಿಕೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಿ, ಕಾಲಿನ ಬಣ್ಣ ಬರೆಯಿರಿ. ಮೊಬೈಲ್ ಇರುವ ಹಿರಿಯರು ಇ-ಬರ್ಡ್‌ನಂಥ ಜಾಲದಲ್ಲಿ ಅದನ್ನು ಸೇರಿಸಬಹುದು. ಮಗುವೊಂದು ಸತ್ತ ಹಕ್ಕಿಯನ್ನೋ ಬಿದ್ದ ಗರಿಯನ್ನೋ ತಂದು ಇದೇನೆಂದು ಕೇಳಿದಾಗ ಪಾಲಕರು ಗದರಿಸದಿರಿ. ಅಮೀರುದ್ದೀನ್ ಮಾಮೂ ಹಾಗೆ ಗದರಿಸಿದ್ದರೆ ಡಾ. ಸಲೀಂ ಅಲಿ ನಮಗೆ ಸಿಗುತ್ತಿರಲಿಲ್ಲ.